ಸಾವಕಾಶದ ಅವಧೂತನಿಗೆ ಅತಿವೇಗದ ದಂಡ

ಅವಧೂತನ ಗಾಡಿಗೆ ಅತಿವೇಗದ ದಂಡ ಬಿದ್ದಿದೆ ಎಂಬ ಸುದ್ದಿ ಬಂದ ದಿನ ಹಿಂದವಾಡಿಯ ನಮ್ಮ ಓಣಿಯಲ್ಲಿ ನಗದೆ ಉಳಿದವನು ಒಬ್ಬನೇ. ಅವನೇ ಅವಧೂತ. ಇಸ್ತ್ರಿ ಅಂಗಡಿಯ ಕರೆಪ್ಪ ಕಾದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಕ್ಕ. ಎದುರು ಮನೆಯವರು ಗೇಟಿಗೆ ಒರಗಿ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವ ವಿಷಯ ಅಲ್ಲ ಅಂತ ಆಗ ಯಾರಿಗೆ ಗೊತ್ತಿತ್ತು?

ನಾನು ಶಶಿಧರ, ವಕೀಲ. ದೊಡ್ಡ ವಕೀಲನೇನಲ್ಲ. ಬೆಳಗಾವಿ ಕೋರ್ಟಿನಲ್ಲಿ ಬಾಡಿಗೆ ತಗಾದೆ, ಗಡಿಕಲ್ಲು ಕಿತ್ತ ಜಗಳ, ಇಂಥವು ನನ್ನ ಪಾಲಿನವು. ಅವಧೂತ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆಗೆ ಇದ್ದಾನೆ. ಅವನದೊಂದು ಹಳೆಯ ಟೆಂಪೋ. ಶಹಾಪುರದ ಗಾಜಿನ ಅಂಗಡಿಗಳಿಂದ ಗಾಜು ಹೇರಿಕೊಂಡು ಊರೂರಿಗೆ ಮುಟ್ಟಿಸುವುದು ಅವನ ಕಸುಬು. ಕಿಟಕಿಯ ಗಾಜು, ಕಪಾಟಿನ ಗಾಜು, ಕ್ಷೌರದ ಅಂಗಡಿಯ ಕನ್ನಡಿ, ಎಲ್ಲ ಅವನ ಟೆಂಪೋದಲ್ಲೇ ಹೋಗಬೇಕು. ಬೇರೆಯವರ ಗಾಡಿಯಲ್ಲಿ ಹೋದ ಕನ್ನಡಿ ಎರಡಾಗಿ ಇಳಿಯುತ್ತದೆ ಎಂದು ಅಂಗಡಿಯವರೇ ಹೇಳುತ್ತಾರೆ.

ಗಾಜು ಹೇರುವವನ ನಡಿಗೆಯೇ ಬೇರೆ. ಟೆಂಪೋದ ಹಿಂಭಾಗದಲ್ಲಿ ಒಂದು ಮರದ ಚೌಕಟ್ಟು, ಅದಕ್ಕೆ ಒರಗಿಸಿ ನಿಲ್ಲಿಸಿದ ಗಾಜು, ಅಡಿಯಲ್ಲಿ ಹುಲ್ಲು, ನಡುನಡುವೆ ಹಳೆಯ ಪೇಪರು. ಗಾಡಿ ಹದ ಮೀರಿದರೆ ಗಾಜುಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತವೆ. ಗಾಜು ಅವನ ಬಾಯಲ್ಲಿ ಕಾಚು; ಇದಕ್ಕೆ ಅವಧೂತ ‘ಕಾಚು ಮಾತಾಡೂದು’ ಅನ್ನುತ್ತಾನೆ. ಕಾಚು ಮಾತಾಡಿತೆಂದರೆ ಅವನ ಕಾಲು ತಾನಾಗಿಯೇ ಮೇಲಕ್ಕೆ ಬರುತ್ತದೆ. ವೇಗ ತೋರಿಸುವ ಮುಳ್ಳು ಎಂದೋ ಕೆಟ್ಟು ಸೊನ್ನೆಯ ಮೇಲೆ ಮಲಗಿದೆ. ರಿಪೇರಿ ಮಾಡಿಸೋ ಅಂದರೆ, “ಕಿವಿ ಅದಾವಲ್ರೀ, ಮುಳ್ಳ ಯಾಕ ಬೇಕು?” ಅಂತಾನೆ.

ಹೀಗಾಗಿ ಗಾಜು ಇರಲಿ, ಬಿಡಲಿ, ಅವನು ಹೋಗುವುದು ಒಂದೇ ಚಾಲಿನಲ್ಲಿ. ಅವನ ಹಿಂದೆ ಸಿಕ್ಕಿಬಿದ್ದ ಸೈಕಲ್ಲಿನವನು ಗಂಟೆ ಬಾರಿಸಿ ಮುಂದೆ ಹೋದದ್ದನ್ನು ನಾನೇ ಕಂಡಿದ್ದೇನೆ. ಓಣಿಯವರು ಇಟ್ಟ ಹೆಸರು ಸಾವಕಾಶ ಅವಧೂತ. ಎದುರಿಗೇ ಕರೆದರೂ ಅವನಿಗೆ ಸಿಟ್ಟಿಲ್ಲ.

ಸಿಟ್ಟೆಲ್ಲ ಅವನ ಹೆಂಡತಿ ಕುಮುದಿನಿಯ ಪಾಲಿಗೆ ಬಂದಿತ್ತು. ಖಾನಾಪುರದ ಹೆಣ್ಣು. ಬಾಯಿ ಜೋರು, ಕೈ ಚುರುಕು, ನಗು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರೂ ಯಾರ ಮುಂದೆಯೂ ಕಣ್ಣೀರು ಹಾಕಿದವರಲ್ಲ. ದೂರದ ಹೇರು ಇದ್ದಾಗ ಬುತ್ತಿ ಕಟ್ಟಿಕೊಂಡು ಅವಳೂ ಗಾಡಿ ಹತ್ತಿಬಿಡುತ್ತಿದ್ದಳು. “ಏನ್ರೀ, ಎಮ್ಮಿ ನಮ್ಮನ್ನ ಸೈಡ ಹೊಡದು ಹೋತ್ರೀ!” ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದಳಂತೆ. ಕಾಚು ಮಾತಾಡಿದರೆ ಮೊದಲು ಅವಳಿಗೇ ಕೇಳುತ್ತಿತ್ತಂತೆ. ಅವನು ಒಬ್ಬನೇ ಹೊರಟ ದಿನ ಮಾತ್ರ ಗೇಟಿನವರೆಗೆ ಬಂದು ಒಂದೇ ಮಾತು: “ಸಾವಕಾಶ ಹೋಗ್ರಿ.”

ಮನೆ ಬಿಟ್ಟು ಹೊರಟವರಿಗೆ ಬಾಗಿಲಲ್ಲಿ ನಿಂತವರು ಹೇಳುವ ಮಾತು ನಮ್ಮಲ್ಲಿ ಅದೇ. ಸಾಂಬ್ರಾಕ್ಕೆ ಹೋಗಿ ವಿಮಾನ ಹತ್ತುವವನಿಗೂ ಸಾವಕಾಶ ಹೋಗ್ರಿ ಅಂದೇ ಕಳಿಸುತ್ತೇವೆ. ಗಡಿಯ ವಿಷಯಕ್ಕೆ ಈ ಊರಿನಲ್ಲಿ ಎಷ್ಟು ಗುದ್ದಾಟ ನಡೆದರೂ ಈ ಮಾತಿಗೆ ಮಾತ್ರ ಜಗಳವಿಲ್ಲ. ಕನ್ನಡದಲ್ಲೂ ಸಾವಕಾಶ, ಮರಾಠಿಯಲ್ಲೂ ಸಾವಕಾಶ. ಆದರೂ ಅವಧೂತನಿಗೆ ಅದನ್ನು ಹೇಳುವುದೆಂದರೆ! ನಾನು ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವನು, “ಕುಮುದಿನಿಬಾಯಿ, ಉಪಾಸ ಇದ್ದಾಂವಗ ಊಟ ಕಡಿಮಿ ಮಾಡ್ರಿ ಅಂದಂಗಾತು” ಅನ್ನುತ್ತಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಕಳೆದ ದಸರೆ ಮುಗಿದ ಮರುವಾರ ಆ ನಗು ನಿಂತುಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ದಂಡದ ಸುದ್ದಿ ಬಂದದ್ದು ಸಂಕ್ರಾಂತಿಯ ಎಳ್ಳು ಹಂಚಿ ಮುಗಿದ ಮೇಲೆ. ಗೋವಾವೇಸ್ ಹತ್ತಿರ ಪೊಲೀಸರು ಗಾಡಿ ತಡೆದು ಕಾಗದ ನೋಡುತ್ತಿದ್ದರಂತೆ. ಯಂತ್ರದಲ್ಲಿ ನಂಬರು ಒತ್ತಿದವನು, “ಹಳೇ ಕೇಸ್ ಐತಿ, ಅತಿವೇಗ” ಅಂದನಂತೆ. ಅವಧೂತ ಟೆಂಪೋ ನಿಲ್ಲಿಸಿ ಸೀದಾ ನಮ್ಮ ಪಡಸಾಲೆಗೆ ಬಂದ. ಹಿಂದೆಯೇ ಅರ್ಧ ಓಣಿ ಬಂತು.

“ವಕೀಲರ, ಯಾರದೋ ಗಾಡಿ ನಂಬರ ನನ್ನ ಹೆಸರಿಗೆ ಹೊಡದಾರ ನೋಡ್ರಿ.”

“ಆಮಿಗೆ ಅತಿವೇಗದ ಕೇಸಾ!” ಎಂದು ಕರೆಪ್ಪ ಇನ್ನೊಂದು ಸುತ್ತು ನಕ್ಕ.

ಗಾಡಿಯ ಕಾಗದದಲ್ಲಿ ಇದ್ದದ್ದು ಕುಮುದಿನಿಯ ಫೋನ್ ನಂಬರು. ಅಂಥ ವ್ಯವಹಾರವೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳ ಫೋನು ಆರಿ ಕಪಾಟಿನಲ್ಲಿ ಬಿದ್ದಿತ್ತು. ದಂಡದ ಸಂದೇಶ ಬಂದಿದ್ದರೂ ಓದುವವರು ಯಾರು? ನಾನು ನನ್ನ ಫೋನಿನಲ್ಲಿ ಗಾಡಿಯ ನಂಬರು ಹಾಕಿ ನೋಡಿದೆ. ನಂಬರು ತಪ್ಪಿರಲಿಲ್ಲ. ಜಾಗ: ಮಚ್ಛೆ, ಖಾನಾಪುರ ರಸ್ತೆ. ತಾರೀಖು ನೋಡಿದೆ. ಮತ್ತೊಮ್ಮೆ ನೋಡಿದೆ.

“ಯಾವತ್ತಿಂದ್ರೀ?” ಅವಧೂತ ನನ್ನ ಮುಖವನ್ನೇ ನೋಡುತ್ತಿದ್ದ.

“ಕುಮುದಿನಿಬಾಯಿ ಹೋದ ದಿನದ್ದು.”

ಓಣಿಯ ನಗು ಒಂದೇ ಏಟಿಗೆ ನಿಂತಿತು. ಕರೆಪ್ಪ ತಲೆ ತಗ್ಗಿಸಿ ಹೊರಟುಹೋದ. ಅವಧೂತ ಮೆಟ್ಟಿಲ ಮೇಲೆ ಕುಳಿತ. “ಎಷ್ಟ ಜೋರ ಹೊಂಟಿದ್ದೆ ಅಂತ ಬರದಾರ್ರೀ?” ಎಂದು ಕೇಳಿದ.

ಅದು ಫೋನಿನಲ್ಲಿ ಇರಲಿಲ್ಲ. ಠಾಣೆಯಲ್ಲಿ ಫೋಟೋ ಸಮೇತ ಇರುತ್ತದೆ ಎಂದೆ. ಅವನ ಪ್ರಶ್ನೆಯಲ್ಲಿ ಏನಿದೆ ಎಂದು ನನಗೆ ಹೊಳೆಯಲೇ ಇಲ್ಲ. ನನಗಾಗಲೇ ಮೈಯಲ್ಲಿ ವಕೀಲ ಹೊಕ್ಕಿದ್ದ. “ಇದನ್ನ ತಗಿಸಿಬಿಡೂಣು. ಸಾಯೋ ಪೇಷಂಟನ್ನ ಒಯ್ಯಾಕ ಹತ್ತಿದ್ದಿ, ಆಸ್ಪತ್ರಿ ಕಾಗದ ಅದಾವ. ಬೆಣ್ಣಿಯೊಳಗಿನ ಕೂದಲ ತಗದಂಗ ತಗೀತೀನಿ. ನಾಳೆ ಬಾ ನನ್ನ ಜೋಡಿ.”

ಅವನು ಮೆಟ್ಟಿಲಿಂದ ಎದ್ದು ತನ್ನ ಕೋಣೆಯ ಕಡೆ ನಡೆದ.

ಈಗ ಆ ದಿನದ ಮಾತು. ಕುಮುದಿನಿಯ ತಮ್ಮ ಸಂಜಯ ಖಾನಾಪುರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ಕಿಟಕಿಗಳಿಗೆ ಗಾಜು ಹೇರಿಕೊಂಡು ಅವಧೂತ ಹೊರಟ. ತವರುಮನೆ, ಬಿಟ್ಟಾಳೆಯೇ, ಅವಳೂ ಹತ್ತಿದಳು. ಗಾಜು ಇಳಿಸಿದ್ದಾಯಿತು, ಉಂಡದ್ದಾಯಿತು. ತಾಯಿಯ ಜೊತೆ ಮಾತಾಡುತ್ತ ಕುಳಿತವಳಿಗೆ ಎದೆ ಹಿಡಿದುಕೊಂಡಿತು. ಅಲ್ಲಿಯ ಡಾಕ್ಟರು ನೋಡಿ, ಬೆಳಗಾವಿಗೇ ಒಯ್ಯಿರಿ, ತಡ ಮಾಡಬೇಡಿ ಎಂದರು. ಆಂಬುಲೆನ್ಸು ಹೆರಿಗೆಯ ಹೆಂಗಸನ್ನು ತರಲು ಕಣಕುಂಬಿಗೆ ಹೋಗಿತ್ತು. ಅದು ಯಾರ ತಪ್ಪೂ ಅಲ್ಲ. ಸಂಜಯ ಪಾರಿಶ್ವಾಡದ ಹೊಲದಲ್ಲಿದ್ದ. ಅಂಗಳದಲ್ಲಿ ನಿಂತಿದ್ದದ್ದು ಖಾಲಿ ಟೆಂಪೋ ಒಂದೇ. ಅವಳನ್ನು ಎತ್ತಿ ಬಾಜೂ ಸೀಟಿನಲ್ಲಿ ಕೂರಿಸಿಕೊಂಡು ಅವಧೂತ ಹೊರಟ.

ಬೆಳಗಾವಿಯ ಆಸ್ಪತ್ರೆ ಮುಟ್ಟುವಾಗ ಅವಳಿಗೆ ಉಸಿರು ಇತ್ತೋ ಇಲ್ಲವೋ. ಸ್ವಲ್ಪ ಹೊತ್ತಿನಲ್ಲೇ ಡಾಕ್ಟರು ಹೊರಗೆ ಬಂದು, “ಇನ್ನೊಂದ್ ಸ್ವಲ್ಪ ಮೊದಲ ಬಂದಿದ್ರ ನೋಡಬಹುದಿತ್ತು” ಎಂದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು, ನಾವು ವಕೀಲರು ‘ಮೊದಲೇ ಬರಬೇಕಿತ್ತು’ ಅಂದ ಹಾಗೆ. ಅಷ್ಟರಲ್ಲಿ ಸಂಜಯ ಮೋಟರ್‌ಸೈಕಲ್ ಮೇಲೆ ಬಂದ. ಡಾಕ್ಟರು ಅಂದದ್ದು ಅವನ ಕಿವಿಗೂ ಬಿತ್ತು. ಗೋಡೆಗೆ ತಲೆ ಬಡಿದುಕೊಂಡವನು ಭಾವ ಅವಧೂತನ ಕಡೆಗೆ ತಿರುಗಿ, ಎಲ್ಲರೆದುರು ಅಂದ: “ನಿಮ್ಮ ಸಾವಕಾಶನ ನಮ್ಮ ಅಕ್ಕನ್ನ ತಿಂತು, ದಾಜಿ.”

ಖಾನಾಪುರದಿಂದ ಫೋನು ಬಂದು ಓಡಿ ಹೋಗಿದ್ದ ನಾನೂ ಅಲ್ಲೇ ಇದ್ದೆ. ಕೇಳಿಸಿಕೊಂಡೆ. ಸತ್ತ ಮನೆಯ ಮಾತು, ಗಾಳಿಗೆ ಹೋಯಿತು ಅಂದುಕೊಂಡೆ. ಗಾಳಿಗೆ ಹೋಗಿರಲಿಲ್ಲ.

ಅದಾದ ಮೇಲೆ ಅವಧೂತ ಖಾನಾಪುರದ ಹೇರು ಹಿಡಿಯುವುದನ್ನೇ ಬಿಟ್ಟ. ದೀಪಾವಳಿಗೆ ಸಂಜಯ ಕರೆದರೂ ಹೋಗಲಿಲ್ಲ. ಬೆಳಿಗ್ಗೆ ಗೇಟು ತಾನೇ ತೆಗೆದು, ಟೆಂಪೋ ಹೊರಗೆ ತಂದು, ಇಳಿದು ಬಂದು ತಾನೇ ಮುಚ್ಚುತ್ತಿದ್ದ. ಮುಚ್ಚಿದ ಮೇಲೆ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದ. ನಾನು ಹಲ್ಲುಜ್ಜುವುದನ್ನು ಬಚ್ಚಲಿಗೆ ವರ್ಗ ಮಾಡಿಕೊಂಡೆ; ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಹೆಂಡತಿ ಪಲ್ಯ ಕಳಿಸಿದರೆ ಡಬ್ಬಿ ತೊಳೆದು ಮರಳಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ಸಂಜೆ ಬಾಡಿಗೆ ಕೊಡಲು ಬಂದವನು ನಮ್ಮ ಪಡಸಾಲೆಯಲ್ಲಿ ಸುಮ್ಮನೆ ಕುಳಿತೇ ಇದ್ದ. ಏನೋ ಬೇಕಾಗಿತ್ತೇ ಎಂದು ಕೇಳಿದೆ. “ಏನಿಲ್ರಿ, ಮಾತ ಕೇಳಾಕ ಕುಂತೀನಿ. ನೀವ ನೀವ ಮಾತಾಡ್ರಿ” ಅಂದ. ನಮಗೆ ಆಡಲು ಒಂದು ಮಾತೂ ಸಿಗಲಿಲ್ಲ.

ಮರುದಿನ ಠಾಣೆಗೆ ಟೆಂಪೋದಲ್ಲೇ ಹೊರಟೆವು. ಅವನ ಚಾಲಿಗೆ ನನಗೆ ಅರ್ಧ ದಾರಿಯಲ್ಲೇ ಆಕಳಿಕೆ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ರಸ್ತೆಯನ್ನೇ ನೋಡುತ್ತ ಮಾತು ತೆಗೆದ.

“ವಕೀಲರ, ಅವತ್ತ ನಾ ಹೆಂಗ ಹೊಡದೆ ಅನ್ನೂದು ನನಗ ಗೊತ್ತಿಲ್ರಿ.”

“ಅಂದ್ರ?”

“ಮುಳ್ಳಂತೂ ಸತ್ತೈತಿ. ಹಿಂದ ಕಾಚ ಇರಲಿಲ್ಲ, ಖಾಲಿ. ಕಿವಿಗೆ ಏನೂ ಹತ್ತಲಿಲ್ರಿ. ಆದ್ರ ದಾರಿ ಎಲ್ಲಾ ನೆನಪೈತಿ. ಗಣೇಬೈಲ ಹತ್ರ ಒಂದು ಎತ್ತ ನಿಂತಿತ್ತು, ಅದರ ಕೋಡಿಗೆ ಹಚ್ಚಿದ ಬಣ್ಣ ನೆನಪೈತಿ. ಪ್ರಭುನಗರದಾಗ ಒಬ್ಬಾಕಿ ಹಪ್ಪಳ ಒಣಾಕ ಹಾಕಿದ್ಲು. ಜೋರ ಹೊಂಟಾಂವಗ ಹಪ್ಪಳ ಕಾಣ್ತಾವೇನ್ರಿ? ಸಂಜಯ ಅಂದದ್ದ ಖರೇ ಇರಬೇಕು. ನಾ ನನ್ನ ಚಾಲಿನ್ಯಾಗ ಬಂದೀನಿ.”

ಏನೋ ಸಮಾಧಾನ ಹೇಳಲು ಹೋದೆ. ಅವನು ಮುಗಿಸಿರಲಿಲ್ಲ.

“ದೇಸೂರ ದಾಟಿದ ಮ್ಯಾಲ ಆಕಿ ಕಣ್ಣ ತಗದ್ಲು. ನನ್ನ ಕಡೆ ನೋಡಿ, ಸಾವಕಾಶ ಹೋಗ್ರಿ ಅಂದ್ಲು. ಕಡೀ ಮಾತ ಅದ. ಆಮ್ಯಾಲ ಮಾತಾಡಲಿಲ್ಲ. ಆಕಿ ಅಂದಕೂಡ್ಲೇ ನಾ ಕಾಲ ಎತ್ತಿದ್ನೋ ಏನೋ. ಅದ ತಿಳೀವಲ್ತರಿ. ಅಷ್ಟ ವರ್ಷದ ರೂಢಿ ನೋಡ್ರಿ, ಆಕಿ ಅಂದ್ರ ನಾ ಕೇಳ್ತಿದ್ದೆ.”

ಹಿಂದಿನವರು ಹಾರ್ನ್ ಹೊಡೆದರು. ಸಿಗ್ನಲ್ ಬಿಟ್ಟಿತ್ತು. ಇಷ್ಟು ತಿಂಗಳು ಇವನು ಇದನ್ನು ಹೊತ್ತುಕೊಂಡು, ನಮ್ಮ ಗೋಡೆಯ ಆಚೆ ಒಬ್ಬನೇ ಮಲಗುತ್ತಿದ್ದ ಎಂದು ನೆನೆದು ನನಗೆ ಕಸಿವಿಸಿಯಾಯಿತು. ಆದರೂ ಠಾಣೆ ಬಂದಾಗ ಫೈಲು ಕಂಕುಳಲ್ಲಿ ಇಟ್ಟುಕೊಂಡು ವಕೀಲನ ಗತ್ತಿನಲ್ಲೇ ಇಳಿದೆ. ಹುಟ್ಟು ಗುಣ.

ಅಲ್ಲಿ ಪ್ರಮಿಳಾ ಎಂಬ ಹೆಡ್‌ಕಾನ್‌ಸ್ಟೆಬಲ್ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಮುಂದೆ ಸಾಲು, ಪಕ್ಕದಲ್ಲಿ ಆರಿದ ಚಹಾ. ನಾನು ಇಂಗ್ಲಿಷು, ಕನ್ನಡ ಬೆರೆಸಿ ನನ್ನ ವಾದವನ್ನೆಲ್ಲ ಒಪ್ಪಿಸಿದೆ. ಅವಳು ಅರ್ಧಕ್ಕೇ ಕೈ ಎತ್ತಿದಳು.

“ವಕೀಲಸಾಹೇಬ್ರ, ಇದು ಕೋರ್ಟಲ್ರೀ. ಆಸ್ಪತ್ರಿ ಕಾಗದ ಅದಾವಿಲ್ಲೋ? ಅರ್ಜಿ ಕೊಡ್ರಿ. ಸಾಹೇಬ್ರ ನೋಡ್ತಾರ, ರದ್ದ ಮಾಡ್ತಾರ. ಹಿಂಗ ಎಷ್ಟೋ ಆಗ್ಯಾವ.”

ಗಾಳಿಗೆ ಗುದ್ದಿದಂತಾಯಿತು ನನಗೆ. ಇಷ್ಟು ಸುಲಭಕ್ಕೆ ಒಪ್ಪುವುದಾದರೆ ರಾತ್ರಿಯೆಲ್ಲ ವಾದ ಹೊಂದಿಸಿದ್ದು ಯಾಕೆ? ಅರ್ಜಿಯನ್ನು ಮೇಜಿನ ಮೇಲಿಟ್ಟು ಪೆನ್ನನ್ನು ಅವಧೂತನ ಕೈಗೆ ಕೊಟ್ಟೆ. ಅವನು ಸಹಿ ಹಾಕದೆ ಪ್ರಮಿಳಾ ಕಡೆ ತಿರುಗಿದ.

“ಬಾಯಾರ, ಎಷ್ಟ ಐತಿ ಅಂತ ನೋಡಿ ಹೇಳ್ರಲ್ಲಾ.”

“ಏನ ಎಷ್ಟ?”

“ಸ್ಪೀಡ್ ರೀ.”

ಪ್ರಮಿಳಾ ಕಂಪ್ಯೂಟರಿನಲ್ಲಿ ಹುಡುಕಿ, “ಎಂಬತ್ತನಾಕು” ಅಂದಳು.

ಅವಧೂತ ಮೇಜಿನ ಅಂಚು ಹಿಡಿದುಕೊಂಡ. “ಇನ್ನೊಮ್ಮೆ ನೋಡ್ರಿ. ಹಳೇ ಗಾಡಿ ಐತ್ರಿ ಅದು.”

ಅವಳು ಬೇಸರದಿಂದಲೇ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಮಚ್ಛೆಯ ಹತ್ತಿರ ಮರದ ನೆರಳಿಗೆ ನಿಲ್ಲಿಸಿದ ಪೊಲೀಸ್ ಗಾಡಿಯಿಂದ ತೆಗೆದ ಫೋಟೋ. ಟೆಂಪೋದ ಮೂತಿ, ನಂಬರು, ಕೆಳಗೆ ಎಂಬತ್ತನಾಲ್ಕು. ಮುಂದಿನ ಗಾಜಿನ ಒಳಗೆ ಸ್ಟೀರಿಂಗಿಗೆ ಎದೆ ಹಚ್ಚಿ ಮುಂದಕ್ಕೆ ಬಾಗಿದ ಒಬ್ಬ ಗಂಡಸು. ಅವಧೂತ ಹಾಗೆ ಕುಳಿತದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಾಜೂ ಸೀಟಿನಲ್ಲಿ ಕುಮುದಿನಿ. ತಲೆ ಹಿಂದಕ್ಕೆ ಒರಗಿದೆ, ಮುಖ ಅವನ ಕಡೆಗೆ ಇದೆ.

ಪ್ರಮಿಳಾ ಒಮ್ಮೆ ಆಸ್ಪತ್ರೆಯ ಕಾಗದ ನೋಡಿದಳು, ಒಮ್ಮೆ ಫೋಟೋ ನೋಡಿದಳು. ಸಾಲಿನಲ್ಲಿ ಹಿಂದೆ ನಿಂತು ಗೊಣಗಿದವನನ್ನು ಗದರಿಸಿ ಸುಮ್ಮನಾಗಿಸಿದಳು.

“ಮಚ್ಛೆ ದೇಸೂರ ದಾಟಿದ ಮ್ಯಾಲ ಬರ್ತೈತಿ, ಹೌದಿಲ್ರಿ ವಕೀಲರ?” ಅವಧೂತ ಕೇಳಿದ.

“ಹೌದು.”

“ಅಂದ್ರ ಆಕಿ ಅಂದ ಮ್ಯಾಲ ಇದು.”

“ಹೌದೋ.”

“ನಾ ಕಾಲ ಎತ್ತಿಲ್ಲ.” ಅವನು ಅದನ್ನು ನನಗೂ ಹೇಳಲಿಲ್ಲ, ಪ್ರಮಿಳಾಗೂ ಹೇಳಲಿಲ್ಲ. ಆಮೇಲೆ ಪೆನ್ನು ಕೆಳಗಿಟ್ಟ. “ಬಾಯಾರ, ಇದು ರದ್ದ ಆದ್ರ ಈ ಎಂಬತ್ತನಾಕ ಏನಾಗ್ತೈತಿ?”

“ಕೇಸ ಇಲ್ಲಂದ ಮ್ಯಾಲ ಅದೂ ಇಲ್ಲ.”

“ಹಂಗಾದ್ರ ಬ್ಯಾಡ್ರಿ. ನಾ ಜೋರ ಹೋಗೀನಿ. ದಂಡ ಬರಕೋರ್ರಿ.”

ನನ್ನ ಜೀವಮಾನದಲ್ಲಿ ತಪ್ಪು ಮಾಡಿಲ್ಲ ಎನ್ನುವ ಕಕ್ಷಿದಾರರನ್ನೇ ಕಂಡವನು ನಾನು. ಕಳ್ಳತನದ ಎಮ್ಮೆಯ ಹಗ್ಗ ಹಿಡಿದುಕೊಂಡೇ ಎಮ್ಮೆ ನೋಡಿಲ್ಲ ಅಂದವರಿದ್ದಾರೆ. ತಪ್ಪು ನನ್ನದೇ, ಬರೆದುಕೊಳ್ಳಿ ಎಂದು ಹಟ ಹಿಡಿದವನು ಇವನೊಬ್ಬನೇ. “ಹುಚ್ಚ ಹಿಡದೈತೇನೋ? ಕೈಯಾಗ ಬಂದ ತುತ್ತ ಬಾಯಿಗೆ ಬ್ಯಾಡ ಅಂತಿಯಲ್ಲ” ಎಂದು ರೇಗಿದೆ. ಅವನು ನನ್ನ ಕಡೆ ನೋಡಲೂ ಇಲ್ಲ. ದಂಡ ಕಟ್ಟಿದ. ಫೋಟೋ ಇದ್ದ ಕಾಗದ ಒಂದನ್ನು ಕೊಡುವಿರಾ ಎಂದು ಕೇಳಿದ. ಪ್ರಮಿಳಾ ಎರಡು ತೆಗೆದು ಕೊಟ್ಟಳು. “ಒಂದು ಇಟಗೋರ್ರಿ, ಒಂದು ಯಾರಿಗರೆ ಬೇಕಾಗಬಹುದು” ಎಂದಳು.

ಮುಂದೆ ಬಂದ ಐತವಾರ ಅವನು ನನ್ನ ಬಾಗಿಲಿಗೆ ಬಂದ. ಮೈಮೇಲೆ ಇಸ್ತ್ರಿ ಅಂಗಿ. “ಖಾನಾಪುರಕ್ಕ ಬರ್ತೀರೇನ್ರಿ? ಸಂಜಯಗ ತೋರಸ್ಬೇಕು. ನಾ ಒಬ್ಬನ ಹೋದ್ರ ಬಾಯಿ ಬರೂದಿಲ್ಲ.”

ನಾನು ಕೂರುವ ಮೊದಲು ಅವನು ಬಾಜೂ ಸೀಟನ್ನು ಅಂಗೈಯಿಂದ ಒರೆಸಿದ. ಆ ಸೀಟಿನಲ್ಲಿ ಮೈ ಸಡಿಲಬಿಟ್ಟು ಕೂರಲು ನನಗಾಗಲಿಲ್ಲ. ಮಚ್ಛೆ ಬಂದಾಗ ಇಬ್ಬರೂ ಆ ಮರದ ಕಡೆ ನೋಡಿದೆವು. ಪ್ರಭುನಗರದ ಆಚೆ ಮೇವು ಹೇರಿದ ಎತ್ತಿನ ಗಾಡಿಯೊಂದು ಮುಂದೆ ಸಿಕ್ಕಿತು. ಅವಧೂತ ಅದರ ಹಿಂದೆ ಮೆರವಣಿಗೆ ಹೊರಟ. ನನ್ನ ತಾಳ್ಮೆ ಮುಗಿಯಿತು. “ಸೈಡ ಹೊಡಿಯೋ ಮಾರಾಯಾ! ಎಂಬತ್ತನಾಕ ಹೊಡದ ಗಂಡಸು ನೀನು!” ಎಂದೆ. ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಆದರೆ ಸೈಡ್ ಹೊಡೆಯಲಿಲ್ಲ.

ಸಂಜಯನ ಮನೆ ಮುಗಿದು ಬಣ್ಣ ಬಳಿದುಕೊಂಡು ನಿಂತಿತ್ತು. ಕಿಟಕಿಗಳಲ್ಲಿ ಅವಧೂತ ಆ ದಿನ ತಂದ ಗಾಜುಗಳು. ಸಂಜಯ ಓಡಿಬಂದು ಕೈ ಹಿಡಿದುಕೊಂಡ. “ಬರ್ರಿ ದಾಜಿ, ಎಷ್ಟ ದಿನಾ ಆತು ನಿಮ್ಮ ಮಾರಿ ನೋಡಿ! ಕುಂದರ್ರಿ ವಕೀಲರ.” ಕೆಟ್ಟವನಲ್ಲ ಸಂಜಯ. ಅದನ್ನು ಹೇಳಲೇಬೇಕು.

ನೀರು ಕುಡಿದು ಅವಧೂತ ಕಿಸೆಯಿಂದ ಕಾಗದ ತೆಗೆದ. ಮಡಿಕೆಯನ್ನು ಸರಿಪಡಿಸಿ ಸಂಜಯನ ಮುಂದಿಟ್ಟ. ಸಂಜಯ ಓದಿದ.

“ದಂಡ ಕಟ್ಟಿಬಂದ್ರ್ಯಾ? ಅಯ್ಯ, ನನಗೊಂದ ಮಾತ ಹೇಳಬಾರದಾ ದಾಜಿ? ಗುರ್ತಿನವ್ರ ಅದಾರ, ತಗಸ್ತಿದ್ದೆ.”

“ಎಂಬತ್ತನಾಕ ಐತಿ ನೋಡು.”

“ಹೌದಲ್ಲಾ. ಹಳೇ ಗಾಡಿ ಆದ್ರೂ ಓಡೇತಿ.”

“ಅವತ್ತ ಆಸ್ಪತ್ರ್ಯಾಗ ನೀ ಅಂದಿದ್ದಿ, ನನ್ನ ಸಾವಕಾಶನ ನಿಮ್ಮಕ್ಕನ್ನ ತಿಂತು ಅಂತ.”

ಸಂಜಯ ನಿಜವಾಗಿಯೂ ನೆನಪು ಮಾಡಿಕೊಂಡ. ಹುಬ್ಬು ಗಂಟಿಕ್ಕಿ ನೋಡಿದ, ನನ್ನ ಕಡೆಗೂ ನೋಡಿದ. “ನಾ ಹಂಗಂದ್ನ್ಯಾ? ನನಗ ಖಬರ ಇರಲಿಲ್ಲ ದಾಜಿ ಅವತ್ತ. ಯಾರ ಏನಂದ್ರು ಯಾರಿಗೆ ನೆನಪೈತಿ? ಅಂದಿದ್ರ ಮನಸಿನ್ಯಾಗ ಇಟಗೋಬ್ಯಾಡ್ರಿ.” ಎಂದವನೇ ಒಳಗೆ ತಿರುಗಿ, ಚಹಾ ಆಯಿತೇ ಎಂದು ಕೇಳಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವನಿಗೆ ಅದು ಹೋಗಿಯೇ ಬಿಟ್ಟಿತ್ತು. ಕೇಳಿದವನು ಅದರ ಜೊತೆ ಒಂದೇ ಮನೆಯಲ್ಲಿ ಬಾಳಿದ್ದ. ನನಗೆ ಸಂಜಯನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ಹಾಗೆಯೇ ಇಳಿಯಿತು. ಅವಧೂತ ಚಹಾದ ಬಶಿಯನ್ನು ಹಿಡಿದುಕೊಂಡು ತನ್ನದೇ ಗಾಜಿನ ಕಿಟಕಿಯನ್ನು ನೋಡುತ್ತಿದ್ದ. ಯಾರಿಗೆ ತೋರಿಸಬೇಕೆಂದು ಬಂದಿದ್ದನೋ ಅವರಿಗೆ ಅದು ಬೇಕಾಗಿಯೇ ಇರಲಿಲ್ಲ.

ಆಗ ಒಳಗಿನಿಂದ ಕುಮುದಿನಿಯ ತಾಯಿ ಗಂಗಾದೇವಿ ಗೋಡೆ ಹಿಡಿದುಕೊಂಡು ಬಂದರು. ಅಳಿಯನನ್ನು ನೋಡಿ, “ಅವಧೂತರಾವ್, ಸೊರಗೀರಿ” ಎಂದರು. ಮೇಜಿನ ಮೇಲಿನ ಕಾಗದ ಏನು ಎಂದು ಕೇಳಿದರು. ಸಂಜಯ ಹೇಳಿದ. ಅವರು ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಕಣ್ಣಿನ ಹತ್ತಿರ ಹಿಡಿದರು. ಎಂಬತ್ತನಾಲ್ಕು ಅವರಿಗೆ ಕಾಣಲಿಲ್ಲ, ದಂಡ ಕಾಣಲಿಲ್ಲ.

“ಈ ಸೀರಿ ನಾ ಕೊಡಿಸಿದ್ದು” ಎಂದರು. ತುಂಬ ಹೊತ್ತು ನೋಡಿದರು. “ನಿಮ್ಮ ಕಡೆನ ನೋಡಾಕತ್ತಾಳ.”

ಎರಡನೆಯ ಪ್ರತಿ ಯಾರಿಗಾದರೂ ಬೇಕಾಗಬಹುದು ಎಂದು ಪ್ರಮಿಳಾ ಅಂದದ್ದು ನೆನಪಾಯಿತು. ಅವಧೂತ ಆ ಕಾಗದವನ್ನು ಅತ್ತೆಯ ಕೈಯಲ್ಲೇ ಬಿಟ್ಟ. ಊಟ ಮಾಡಿಕೊಂಡು ಹೋಗಿ ಎಂದು ಸಂಜಯ ಹಟ ಮಾಡಿದ, ಉಂಡೆವು. ಹೊರಡುವಾಗ ಸಂಜಯ ಗೇಟು ತೆರೆಯಲು ಮುಂದೆ ಹೋದ. ಗಂಗಾದೇವಿ ಹೊಸಿಲ ಮೇಲೆ ನಿಂತರು. ನಮ್ಮ ಕಡೆಯ ಯಾವ ತಾಯಿಯಾದರೂ ಹೇಳುವ ಹಾಗೆ, ಒಂದು ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು ಹೇಳಿದರು: “ಸಾವಕಾಶ ಹೋಗ್ರಿ.”

ಅವಧೂತ ಟೆಂಪೋದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಾಗೆಯೇ ನಿಂತ. ಹಿಂದೆ ತಿರುಗಿ ಹೊಸಿಲ ಕಡೆ ನೋಡಿದ. ಆಮೇಲೆ ಹತ್ತಿ ಕುಳಿತ. ಕೀಲಿ ಹಾಕಿದ, ತಿರುಗಿಸಲಿಲ್ಲ.

“ವಕೀಲರ, ಈ ಮಾತ ಯಾರ ಯಾರಿಗೆ ಹೇಳ್ತಾರ್ರಿ?”

“ಬಾಗಿಲದಾಗ ನಿಂತವರು ಹೊಂಟವರಿಗೆ ಹೇಳ್ತಾರ.”

“ಹೂಂ.” ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತ. “ಆಕಿ ಅವತ್ತ ಗಾಡಿಗೆ ಅಂದದ್ದಲ್ರಿ ಅದು. ನಾ ಗಾಡಿಗೆ ಅಂದ್ಲು ಅಂತ ತಿಳದಿದ್ದೆ.” ಹೊಸಿಲ ಕಡೆ ಮತ್ತೆ ನೋಡಿದ. “ಆಕಿ ಅಲ್ಲೇ ದೇಸೂರದಾಗ ನಿಂತ್ಲ್ರಿ, ಬಾಗಿಲದಾಗ ನಿಂತಂಗ. ನನ್ನ ಒಬ್ಬನ್ನ ಮುಂದ ಕಳಿಸಿದ್ಲು.”

ಅವನ ಬೆನ್ನ ಮೇಲೆ ಕೈ ಇಟ್ಟೆ. ಅವನು ಅತ್ತ. ಆಸ್ಪತ್ರೆಯಲ್ಲಿ ಅಳಲಿಲ್ಲ, ಮಣ್ಣು ಮಾಡುವಾಗ ಅಳಲಿಲ್ಲ, ಇಲ್ಲಿ ಸಂಜಯನ ಅಂಗಳದಲ್ಲಿ ಖಾಲಿ ಟೆಂಪೋದ ಒಳಗೆ ಕುಳಿತು ಅತ್ತ. ಗೇಟು ಹಿಡಿದು ನಿಂತಿದ್ದ ಸಂಜಯನಿಗೆ ಏನೂ ತಿಳಿಯಲಿಲ್ಲ.

ಮುಖ ಒರೆಸಿಕೊಂಡು ಗಾಡಿ ಚಾಲೂ ಮಾಡಿದ. ಗಣೇಬೈಲ ದಾಟಿದ ಮೇಲೆ ಮತ್ತೆ ಒಂದು ಎತ್ತಿನ ಗಾಡಿ ಮುಂದೆ ಸಿಕ್ಕಿತು. ದೇಸೂರಿನವರೆಗೂ ಅದರ ಹಿಂದೆಯೇ ಹೋದೆವು. ಸೈಡ್ ಹೊಡಿ ಎಂದು ನಾನು ಅನ್ನಲಿಲ್ಲ.